ಒಂದೇ ಪಕ್ಷ, ಎರಡು ಪಾಳಯ: 2008ರ ಒಬಾಮ–ಹಿಲರಿ ಪೈಪೋಟಿಯಲ್ಲಿ ಬೆಂಬಲಿಗರ ಜಗಳ

ನಮ್ಮಲ್ಲಿ ಚುನಾವಣೆ ಬಂತೆಂದರೆ ಟಿಕೆಟ್‌ಗಾಗಿ ಜಗಳ ಇದ್ದದ್ದೇ. ಆಕಾಂಕ್ಷಿಗಳು ಬೆಂಗಳೂರು, ದೆಹಲಿ ಅಂತ ಓಡಾಡುತ್ತಾರೆ. ಕೊನೆಗೊಂದು ರಾತ್ರಿ ಪಟ್ಟಿ ಹೊರಬೀಳುತ್ತದೆ. ಸಿಕ್ಕವರ ಮನೆ ಮುಂದೆ ಪಟಾಕಿ. ಸಿಗದವರ ಬೆಂಬಲಿಗರು ಪಕ್ಷದ ಕಚೇರಿ ಮುಂದೆ ಧರಣಿ. 2008ರ ಮೇ ತಿಂಗಳಲ್ಲಿ ಕರ್ನಾಟಕ ಮೂರು ಹಂತಗಳಲ್ಲಿ ವಿಧಾನಸಭೆಗೆ ಮತ ಹಾಕಿದಾಗಲೂ ಅಭ್ಯರ್ಥಿ ಯಾರು ಅನ್ನುವುದನ್ನು ಮತದಾರರು ತೀರ್ಮಾನಿಸಿರಲಿಲ್ಲ.

ಅದೇ ತಿಂಗಳು ಅಮೆರಿಕದ ಡೆಮಾಕ್ರಟಿಕ್ ಪಕ್ಷದಲ್ಲಿ ಅಧ್ಯಕ್ಷ ಹುದ್ದೆಯ ಟಿಕೆಟ್ ಯಾರಿಗೆ ಅನ್ನುವುದನ್ನು ಜನರೇ ಮತಗಟ್ಟೆಗೆ ಹೋಗಿ ನಿರ್ಧರಿಸುತ್ತಿದ್ದರು. ಒಂದು ಕಡೆ ಇಲಿನಾಯ್ ಸೆನೆಟರ್ ಬರಾಕ್ ಒಬಾಮ. ಇನ್ನೊಂದು ಕಡೆ ನ್ಯೂಯಾರ್ಕ್ ಸೆನೆಟರ್ ಹಿಲರಿ ಕ್ಲಿಂಟನ್. ಜನವರಿ 3ಕ್ಕೆ ಶುರುವಾದ ಪೈಪೋಟಿ ಜೂನ್ 3ರವರೆಗೆ ನಡೆಯಿತು. 3.5 ಕೋಟಿಗೂ ಜಾಸ್ತಿ ಮತ ಬಿತ್ತು. ಅದರಲ್ಲಿ ಇಬ್ಬರಿಗೂ ಹೆಚ್ಚೂಕಡಿಮೆ ಸಮಪಾಲು ಸಿಕ್ಕಿತು.

ಈ ಬರಹ ಆ ಇಬ್ಬರಿಗಿಂತ ಅವರ ಬೆಂಬಲಿಗರ ಕುರಿತದ್ದು. ಒಂದೇ ಪಕ್ಷದವರು, ಬಹುಪಾಲು ಒಂದೇ ನಂಬಿಕೆಯವರು, ಐದು ತಿಂಗಳು ಏನೆಂದು ವಾದ ಮಾಡಿದರು? ಆ ವಾದ ಎಲ್ಲಿ ಮನಸ್ಸು ಮುರಿಯುವ ಮಟ್ಟಕ್ಕೆ ಹೋಯಿತು? ನವೆಂಬರ್ ಹೊತ್ತಿಗೆ ಬಹುತೇಕರು ಹೇಗೆ ಒಂದಾದರು? ನನಗೆ ಅನ್ನಿಸುವುದು ಇಷ್ಟು: ಯುದ್ಧ, ವಿಮೆ ಅಂತ ನಡೆದ ಜಗಳ ಎಷ್ಟೇ ಜೋರಾಗಿದ್ದರೂ ಪಕ್ಷಕ್ಕೆ ಲಾಭವನ್ನೇ ತಂದಿತು. ಗಾಯ ಮಾಡಿದ್ದು ಎರಡು ಮಾತು. ಒಂದು, 'ನೀವು ಯೋಚನೆ ಮಾಡಿ ಆರಿಸಿಲ್ಲ, ಸುಮ್ನೆ ಹೆಣ್ಣು ಅಂತ, ಕರಿಯ ಅಂತ ಮತ ಹಾಕ್ತಿದೀರಿ' ಅನ್ನುವುದು. ಇನ್ನೊಂದು, 'ಸಾಕು, ನಿಮ್ಮವರು ಇನ್ನು ಮನೆಗೆ ಹೋಗಲಿ' ಅನ್ನುವುದು.

ಲೆಕ್ಕ ಹೇಗೆ ನಡೆಯುತ್ತದೆ

ಜಗಳ ಅರ್ಥವಾಗಬೇಕಾದರೆ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ಪಕ್ಷದೊಳಗಿನ ಚುನಾವಣೆ ನಡೆಯುತ್ತದೆ. ಕೆಲವು ಕಡೆ ಅದು ಪ್ರೈಮರಿ. ಅಂದರೆ ಮಾಮೂಲಿ ಚುನಾವಣೆಯ ಹಾಗೆ ದಿನವಿಡೀ ಮತದಾನ. ಇನ್ನು ಕೆಲವು ಕಡೆ ಕಾಕಸ್. ಗೊತ್ತಾದ ಹೊತ್ತಿಗೆ ಶಾಲೆಯಲ್ಲೋ ಸಭಾಭವನದಲ್ಲೋ ಜನ ಸೇರಿ, ಗಂಟೆಗಟ್ಟಲೆ ಇದ್ದು ತಮ್ಮ ಆಯ್ಕೆ ಹೇಳಬೇಕು. ಬಂದ ಫಲಿತಾಂಶದ ಪ್ರಕಾರ ಅಭ್ಯರ್ಥಿಗಳಿಗೆ ಡೆಲಿಗೇಟ್‌ಗಳು ಸಿಗುತ್ತಾರೆ. ಇವರು ಬೇಸಿಗೆಯ ರಾಷ್ಟ್ರೀಯ ಸಮಾವೇಶದಲ್ಲಿ ಮತ ಹಾಕುವ ಪ್ರತಿನಿಧಿಗಳು. ಡೆಮಾಕ್ರಟರಲ್ಲಿ ಗೆದ್ದವರೇ ಎಲ್ಲವನ್ನೂ ಬಾಚಿಕೊಳ್ಳುವ ಹಾಗಿಲ್ಲ. 15%ಗಿಂತ ಜಾಸ್ತಿ ಮತ ಪಡೆದವರೆಲ್ಲ ಮತದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ.

ಇದರ ಪರಿಣಾಮ ವಿಚಿತ್ರವಾಗಿರುತ್ತದೆ. ಫೆಬ್ರವರಿ 5ರಂದು ಹಿಲರಿ ದೊಡ್ಡ ರಾಜ್ಯವಾದ ನ್ಯೂಜೆರ್ಸಿಯನ್ನು ಗೆದ್ದರು. ಅಲ್ಲಿ ಅವರಿಗೆ 59 ಡೆಲಿಗೇಟ್, ಒಬಾಮಗೆ 48. ಅದೇ ದಿನ ಪುಟ್ಟ ಐಡಹೋದ ಕಾಕಸ್ ಒಬಾಮ ಪಾಲಾಯಿತು. ಅಲ್ಲಿ ಅವರಿಗೆ 15, ಹಿಲರಿಗೆ 3. ನ್ಯೂಜೆರ್ಸಿಯ ಗೆಲುವಿನ ಅಂತರ 11, ಐಡಹೋದ್ದು 12! ಒಬಾಮ ತಂಡ ಈ ಲೆಕ್ಕವನ್ನು ಮೊದಲೇ ಮಾಡಿ, ಯಾರೂ ತಲೆ ಹಾಕದ ಸಣ್ಣ ರಾಜ್ಯಗಳಲ್ಲಿ ಜನ ಕಟ್ಟಿತ್ತು. ಹಿಲರಿ ಬೆಂಬಲಿಗರಿಗೆ ಇದು ಮೋಸ ಅನ್ನಿಸಿತು. ಒಬಾಮ ಬೆಂಬಲಿಗರಿಗೆ ಇದು ಜಾಣತನ. ನನ್ನ ಮಟ್ಟಿಗೆ ಮೋಸ ಅನ್ನುವ ಮಾತು ಸರಿಯಲ್ಲ. ನಿಯಮ ಇಬ್ಬರಿಗೂ ಒಂದೇ ಇತ್ತು, ಒಬ್ಬರು ಅದನ್ನು ಚೆನ್ನಾಗಿ ಓದಿಕೊಂಡಿದ್ದರು.

ಇವರ ಜೊತೆ ಸುಮಾರು 800 ಸೂಪರ್ ಡೆಲಿಗೇಟ್‌ಗಳು ಬೇರೆ. ಸಂಸದರು, ರಾಜ್ಯಪಾಲರು, ಪಕ್ಷದ ಪದಾಧಿಕಾರಿಗಳು. ಇವರು ಯಾರಿಗೆ ಬೇಕಾದರೂ ಮತ ಹಾಕಬಹುದಿತ್ತು. ಅಂತರ ಕಡಿಮೆ ಇದ್ದಾಗ ಕೀಲಿ ಇವರ ಕೈಯಲ್ಲೇ ಅಲ್ವಾ?

ಇರಾಕ್ ಮತ್ತು ವಿಮೆ

ಮೊದಮೊದಲು ವಾದ ನಡೆದದ್ದು ಇರಾಕ್ ಯುದ್ಧದ ಮೇಲೆ. 2002ರ ಅಕ್ಟೋಬರಿನಲ್ಲಿ ಸೆನೆಟ್‌ನಲ್ಲಿ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯದ ಪರ ಹಿಲರಿ ಮತ ಹಾಕಿದ್ದರು. ಅದೇ ತಿಂಗಳ 2ರಂದು ಷಿಕಾಗೋದ ಸಭೆಯೊಂದರಲ್ಲಿ ಒಬಾಮ ಯುದ್ಧದ ವಿರುದ್ಧ ಮಾತಾಡಿದ್ದರು. ಒಬಾಮ ಬೆಂಬಲಿಗರಿಗೆ ಈ ಒಂದೇ ವಿಷಯ ಸಾಕಾಗಿತ್ತು. ಹಿಲರಿ ಬೆಂಬಲಿಗರ ಉತ್ತರವೂ ತೂಕದ್ದೇ ಆಗಿತ್ತು: ಒಬಾಮ ಆಗ ಇಲಿನಾಯ್ ರಾಜ್ಯದ ಶಾಸಕರು, ಮತ ಹಾಕುವ ಹೊಣೆ ಅವರ ಮೇಲೆ ಇರಲಿಲ್ಲ. ಸೆನೆಟ್‌ಗೆ ಬಂದ ಮೇಲೆ ಇಬ್ಬರ ಮತಗಳಲ್ಲಿ ಅಂಥ ವ್ಯತ್ಯಾಸವೂ ಕಾಣಲಿಲ್ಲ. ಈ ವಾದಕ್ಕೆ ಕೊನೆ ಇರಲಿಲ್ಲ, ನಿಜ. ಆದರೆ ಎರಡೂ ಕಡೆಯವರು ದಾಖಲೆ ಇಟ್ಟುಕೊಂಡು ಮಾತಾಡುತ್ತಿದ್ದರು.

ಆರೋಗ್ಯ ವಿಮೆಯ ವಾದ ಇನ್ನೂ ಒಳ್ಳೆಯದಾಗಿತ್ತು. ಇಡೀ ಪೈಪೋಟಿಯಲ್ಲಿ ನನಗೆ ಜಾಸ್ತಿ ಹಿಡಿಸಿದ ಭಾಗ ಇದು. ಎಲ್ಲರಿಗೂ ವಿಮೆ ಸಿಗಬೇಕು ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಹಿಲರಿ ಯೋಜನೆಯಲ್ಲಿ ಪ್ರತಿಯೊಬ್ಬರೂ ವಿಮೆ ಮಾಡಿಸಲೇಬೇಕು. ಒಬಾಮ ಯೋಜನೆಯಲ್ಲಿ ಆ ಕಡ್ಡಾಯ ಮಕ್ಕಳಿಗೆ ಮಾತ್ರ. ಹಿಲರಿ ಕಡೆಯವರು ಹೇಳಿದ್ದು: ಕಡ್ಡಾಯ ಇಲ್ಲದಿದ್ದರೆ ಆರೋಗ್ಯವಾಗಿರುವ ಯುವಕರು ಹೊರಗೇ ಉಳಿಯುತ್ತಾರೆ, ಕಾಯಿಲೆ ಬಿದ್ದಾಗಷ್ಟೇ ಸೇರುತ್ತಾರೆ, ಉಳಿದವರ ಕಂತು ಏರುತ್ತದೆ. ಒಬಾಮ ಕಡೆಯವರು ಕೇಳಿದ್ದು: ಕೈಯಲ್ಲಿ ದುಡ್ಡಿಲ್ಲದವರಿಗೆ ದಂಡ ಹಾಕಿ ಏನು ಪ್ರಯೋಜನ? ಮೊದಲು ವಿಮೆ ಅಗ್ಗವಾಗಲಿ, ಜನ ತಾವಾಗಿ ಕೊಳ್ಳುತ್ತಾರೆ.

ಒಹಾಯೋ ಮತದಾನದ ಹೊತ್ತಿಗೆ ಒಬಾಮ ತಂಡ ಕಡ್ಡಾಯ ವಿಮೆಯನ್ನು ಟೀಕಿಸುವ ಕರಪತ್ರಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸಿತು. ಫೆಬ್ರವರಿ 23ರಂದು ಸಿನ್ಸಿನಾಟಿಯಲ್ಲಿ ಹಿಲರಿ ಆ ಕರಪತ್ರ ಕೈಯಲ್ಲಿ ಹಿಡಿದು, 'ನಿಮಗೆ ನಾಚಿಕೆಯಾಗಬೇಕು ಬರಾಕ್ ಒಬಾಮ' ಅಂದರು. ಆ ಸಿಟ್ಟು ನಾಟಕದ ಸಿಟ್ಟಾಗಿ ನನಗೆ ಕಾಣುವುದಿಲ್ಲ. ಗಂಡ ಬಿಲ್ ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ, 1993-94ರಲ್ಲಿ, ಆರೋಗ್ಯ ಸುಧಾರಣೆಗೆ ಹೋಗಿ ಸೋತು ಬಂದವರು ಅವರು. ತಮ್ಮ ಪಕ್ಷದವರೇ ಅದೇ ಸುಧಾರಣೆಯ ವಿರುದ್ಧ ಭಯ ಹುಟ್ಟಿಸುತ್ತಿದ್ದಾರೆ ಅನ್ನುವ ನೋವು ಅದರಲ್ಲಿತ್ತು.

ಮುಂದೆ ಏನಾಯಿತು ನೋಡಿ. 2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಆರೋಗ್ಯ ಕಾನೂನಿನಲ್ಲಿ ಎಲ್ಲರಿಗೂ ವಿಮೆ ಕಡ್ಡಾಯ ಅನ್ನುವ ನಿಯಮ ಇತ್ತು. ಸೋತವರ ವಾದವನ್ನು ಗೆದ್ದವರು ಒಪ್ಪಿಕೊಂಡಿದ್ದರು. ಬೆಂಬಲಿಗರು ತಿಂಗಳುಗಟ್ಟಲೆ ಆ ಕಂತು, ದಂಡ, ಪಾಲ್ಗೊಳ್ಳುವಿಕೆ ಅಂತ ಕಿತ್ತಾಡಿದ್ದರಿಂದಲೇ ಇಡೀ ಪಕ್ಷಕ್ಕೆ ಅದರ ಒಳಹೊರಗು ಮೊದಲೇ ಗೊತ್ತಾಗಿತ್ತು ಅಂತ ನಾನು ನಂಬುತ್ತೇನೆ.

ಹೆಣ್ಣು ಅಂತಲಾ, ಕರಿಯ ಅಂತಲಾ?

ಅಯೋವಾ ಕಾಕಸ್‌ನಲ್ಲಿ ಒಬಾಮ 37.6% ಪಡೆದು ಗೆದ್ದರು. ಆಗ ಕಣದಲ್ಲಿದ್ದ ಇನ್ನೊಬ್ಬ ಆಕಾಂಕ್ಷಿ ಜಾನ್ ಎಡ್ವರ್ಡ್ಸ್ ಎರಡನೆಯವರು. ಹಿಲರಿ ಕೂದಲೆಳೆ ಅಂತರದಲ್ಲಿ ಮೂರನೆಯವರು. ಬಿಳಿಯರೇ ತುಂಬಿರುವ ರಾಜ್ಯದಲ್ಲಿ ಕರಿಯ ಅಭ್ಯರ್ಥಿ ಗೆದ್ದಿದ್ದು ಇಡೀ ದೇಶದ ಕರಿಯ ಮತದಾರರ ಲೆಕ್ಕ ಬದಲಿಸಿತು. ಅಲ್ಲಿಯವರೆಗೆ ಅವರಲ್ಲಿ ತುಂಬ ಜನ ಹಿಲರಿ ಪರ ಇದ್ದರು. ಒಬಾಮ ಗೆಲ್ಲಲಾರರು ಅನ್ನುವುದೇ ಅವರ ಅನುಮಾನವಾಗಿತ್ತು.

ಐದು ದಿನ ಬಿಟ್ಟು ನ್ಯೂಹ್ಯಾಂಪ್‌ಷೈರ್. ಸಮೀಕ್ಷೆಗಳೆಲ್ಲ ಒಬಾಮ ಅಂದಿದ್ದವು. ಅದಕ್ಕೂ ಮೊದಲಿನ ಚರ್ಚೆಯಲ್ಲಿ ಹಿಲರಿಯನ್ನು ಜನ ಅಷ್ಟಾಗಿ ಇಷ್ಟಪಡುವುದಿಲ್ಲವಲ್ಲ ಅನ್ನುವ ಪ್ರಶ್ನೆ ಬಂದಾಗ, ಒಬಾಮ 'ನೀವು ಸಾಕಷ್ಟು ಇಷ್ಟವಾಗ್ತೀರಿ, ಹಿಲರಿ' ಅಂದರು. ಅದರ ಧಾಟಿ ತುಂಬ ಹೆಂಗಸರಿಗೆ ಚುಚ್ಚಿತು. ಮತದಾನದ ಹಿಂದಿನ ದಿನ ಸೇಲಂ ಎಂಬ ಊರಿನ ಸಭೆಯಲ್ಲಿ ಇಬ್ಬರು ಗಂಡಸರು 'ನನ್ನ ಶರ್ಟ್ ಇಸ್ತ್ರಿ ಮಾಡು' ಅಂತ ಹಿಲರಿಗೆ ಕೂಗಿದರು. ಅದೇ ದಿನ ಪೋರ್ಟ್ಸ್‌ಮತ್‌ನ ಕಾಫಿ ಅಂಗಡಿಯಲ್ಲಿ ಮತದಾರಳೊಬ್ಬಳ ಪ್ರಶ್ನೆಗೆ ಉತ್ತರಿಸುವಾಗ ಹಿಲರಿಯ ದನಿ ಗದ್ಗದವಾಯಿತು. ಅದನ್ನೇ ಟಿವಿಯವರು ಹಗಲೂರಾತ್ರಿ ತೋರಿಸಿದರು. ಮಾರನೇ ದಿನ ಹಿಲರಿ ಗೆದ್ದರು.

ಇದಾದ ಮೇಲೆ ವಾದದ ಬಣ್ಣವೇ ಬದಲಾಯಿತು. ಕೆಲಸದ ಜಾಗದಲ್ಲಿ ಜೀವನಪೂರ್ತಿ ಎರಡನೇ ಸ್ಥಾನದಲ್ಲಿ ಕೂತು ಬಂದ ಐವತ್ತು-ಅರವತ್ತರ ಹೆಂಗಸರು ಹಿಲರಿಯಲ್ಲಿ ತಮ್ಮ ಕಥೆಯನ್ನೇ ಕಂಡರು. ಹೆಚ್ಚು ಅನುಭವ ಇರುವ ಹೆಣ್ಣನ್ನು ಪಕ್ಕಕ್ಕಿಟ್ಟು ಹೊಸ ಹುಡುಗನಿಗೆ ಬಡ್ತಿ ಕೊಡುವುದನ್ನು ಅವರು ಕಣ್ಣಾರೆ ಕಂಡವರು. ಕರಿಯ ಮತದಾರರಿಗೆ ಇನ್ನೊಂದು ಚಿತ್ರ ಕಾಣುತ್ತಿತ್ತು. ಸೌತ್ ಕ್ಯಾರೊಲಿನಾದಲ್ಲಿ ಒಬಾಮ 55% ಪಡೆದು ದೊಡ್ಡದಾಗಿ ಗೆದ್ದ ದಿನ, ಬಿಲ್ ಕ್ಲಿಂಟನ್ 'ಜೆಸ್ಸಿ ಜಾಕ್ಸನ್ ಕೂಡ ಇಲ್ಲಿ 84ರಲ್ಲಿ, 88ರಲ್ಲಿ ಗೆದ್ದಿದ್ದರು' ಅಂದರು. ಜಾಕ್ಸನ್ ಹಿಂದೆ ಇದೇ ಟಿಕೆಟ್‌ಗೆ ಪೈಪೋಟಿ ಮಾಡಿ ಸೋತಿದ್ದ ಕರಿಯ ನಾಯಕ. ಕರಿಯ ಅಭ್ಯರ್ಥಿಯ ಗೆಲುವು ಕರಿಯರ ಗೆಲುವಷ್ಟೇ ಅಂತ ಬದಿಗೆ ತಳ್ಳುವ ಮಾತು ಅದು ಅಂತ ಅವರಿಗೆ ಕೇಳಿಸಿತು. ಮಾರ್ಚ್‌ನಲ್ಲಿ ಜೆರಾಲ್ಡಿನ್ ಫೆರಾರೋ, ಅಂದರೆ 1984ರಲ್ಲಿ ಉಪಾಧ್ಯಕ್ಷ ಹುದ್ದೆಗೆ ನಿಂತ ಮೊದಲ ಡೆಮಾಕ್ರಟ್ ಮಹಿಳೆ, 'ಒಬಾಮ ಬಿಳಿಯನಾಗಿದ್ದರೆ ಈ ಜಾಗದಲ್ಲಿ ಇರುತ್ತಿರಲಿಲ್ಲ' ಎಂಬ ಅರ್ಥದ ಮಾತಾಡಿದರು. ಗದ್ದಲವಾಗಿ ಹಿಲರಿ ಪ್ರಚಾರದ ಹಣಕಾಸು ಸಮಿತಿ ಬಿಟ್ಟರು. ಅದಕ್ಕೆ ಕೆಲವೇ ದಿನ ಮೊದಲು ಒಬಾಮ ಕಡೆಯ ಸಲಹೆಗಾರ್ತಿ ಸಮಂತಾ ಪವರ್ ಹಿಲರಿಯನ್ನು 'ರಾಕ್ಷಸಿ' ಅಂದು ಹುದ್ದೆ ಬಿಟ್ಟಿದ್ದರು.

ನೋವುಗಳೆರಡೂ ನಿಜವಾದವು. ಯಾರ ನೋವು ದೊಡ್ಡದು ಅಂತ ತಕ್ಕಡಿ ಹಿಡಿದು ಕೂತರಲ್ಲ, ತಪ್ಪು ಅಲ್ಲಿ. ಹಿಲರಿಗೆ ಮತ ಹಾಕಿದ ಪೆನ್ಸಿಲ್ವೇನಿಯಾದ ಬಿಳಿ ಕಾರ್ಮಿಕನನ್ನು ಜನಾಂಗದ್ವೇಷಿ ಅಂದರು. ಒಬಾಮಗೆ ಮತ ಹಾಕಿದ ಯುವತಿಯನ್ನು ಹೆಣ್ಣುಕುಲಕ್ಕೆ ದ್ರೋಹ ಮಾಡಿದವಳು ಅಂದರು. ವಿಮೆಯ ಬಗ್ಗೆ ತಪ್ಪು ಹೇಳಿದರೆ ತಿದ್ದಬಹುದು. 'ನೀನು ಮತ ಹಾಕಿದ್ದು ದ್ವೇಷದಿಂದ' ಅಂದರೆ ಎದುರಿನವರು ಏನು ಉತ್ತರ ಕೊಟ್ಟಾರು?

ಈ ಗದ್ದಲದಲ್ಲಿ ಭಾರತೀಯರಿಗೂ ಒಂದು ಪೆಟ್ಟು ಬಿದ್ದಿತ್ತು. 2007ರ ಜೂನ್‌ನಲ್ಲೇ ಒಬಾಮ ಪ್ರಚಾರ ತಂಡದ ಟಿಪ್ಪಣಿಯೊಂದು ಹೊರಬಂತು. ಹೊರಗುತ್ತಿಗೆ ಮತ್ತು ಭಾರತೀಯ ಮೂಲದ ದಾನಿಗಳ ಜೊತೆ ಹಿಲರಿಗಿದ್ದ ನಂಟನ್ನು ಆಡಿಕೊಳ್ಳುತ್ತ, ಅದು ಅವರನ್ನು 'ಪಂಜಾಬಿನ ಡೆಮಾಕ್ರಟ್' ಅಂತ ಕರೆದಿತ್ತು. ಅಮೆರಿಕದಲ್ಲಿನ ಭಾರತೀಯ ಮೂಲದವರು ಸಿಟ್ಟಾದರು. ಒಬಾಮ ಅದನ್ನು ಪೆದ್ದುತನದ ತಪ್ಪು ಅಂತ ಒಪ್ಪಿಕೊಂಡು ಹೊಣೆ ಹೊತ್ತರು. ಮುಂದೆ 2009ರ ಮೇ ತಿಂಗಳಲ್ಲಿ, ಬಫಲೋ ಊರಿಗಿಂತ ಬೆಂಗಳೂರಿನಲ್ಲಿ ಕೆಲಸ ಸೃಷ್ಟಿಸಿದರೆ ತೆರಿಗೆ ಕಡಿಮೆ ಆಗುವ ವ್ಯವಸ್ಥೆ ಸರಿಯಲ್ಲ ಅಂತ ಅವರು ಹೇಳಿದಾಗ ನಮ್ಮೂರಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆ ಮಾತಿನ ಬೇರು ಪ್ರೈಮರಿಯಲ್ಲೇ ಇತ್ತು. ಒಹಾಯೋದಂಥ ರಾಜ್ಯಗಳಲ್ಲಿ ಕಾರ್ಖಾನೆ ಮುಚ್ಚಿಸಿಕೊಂಡವರ ಮತಕ್ಕಾಗಿ ಇಬ್ಬರೂ ವಿದೇಶಿ ವ್ಯಾಪಾರ ಒಪ್ಪಂದಗಳ ವಿರುದ್ಧ ಪೈಪೋಟಿ ಮೇಲೆ ಮಾತಾಡಿದ್ದರು.

ನಿಯಮ ಯಾರ ಕಡೆಗೆ?

ಫೆಬ್ರವರಿ 5ರ ನಂತರ ತಿಂಗಳ ಕೊನೆಯವರೆಗೆ ನಡೆದ ರಾಜ್ಯಗಳನ್ನೆಲ್ಲ ಒಬಾಮ ಗೆದ್ದರು. ಡೆಲಿಗೇಟ್ ಲೆಕ್ಕದಲ್ಲಿ ನೂರಕ್ಕೂ ಜಾಸ್ತಿ ಮುಂದೆ ಹೋದರು. ಪ್ರಮಾಣದ ಹಂಚಿಕೆ ಇರುವುದರಿಂದ ಆ ಅಂತರ ತುಂಬುವುದು ಹಿಲರಿಗೆ ತುಂಬ ಕಷ್ಟವಾಗಿತ್ತು. ಆಗ ಬೆಂಬಲಿಗರು ನಿಯಮ ಪುಸ್ತಕ ಹಿಡಿದರು.

ಟೆಕ್ಸಾಸ್ ನೋಡಿ. ಅಲ್ಲಿ ಒಂದೇ ದಿನ ಹಗಲು ಪ್ರೈಮರಿ, ರಾತ್ರಿ ಕಾಕಸ್. ಮಾರ್ಚ್ 4ರ ಪ್ರೈಮರಿಯಲ್ಲಿ ಹಿಲರಿ ಗೆದ್ದರು. ಕಾಕಸ್‌ನಲ್ಲಿ ಒಬಾಮ. ಒಟ್ಟು ಕೂಡಿದಾಗ ಒಬಾಮಗೆ 99 ಡೆಲಿಗೇಟ್, ಹಿಲರಿಗೆ 94. 'ಜನ ನಮಗೆ ಮತ ಹಾಕಿದರು, ಡೆಲಿಗೇಟ್ ಅವರಿಗೆ ಹೋಯಿತು' ಅಂತ ಹಿಲರಿ ಬೆಂಬಲಿಗರು ಉರಿದುಬಿದ್ದರು. ರಾತ್ರಿ ಪಾಳಿಯ ನರ್ಸ್, ಮಗು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ತಾಯಿ, ನಡೆಯಲಾಗದ ಮುದುಕರು ಕಾಕಸ್‌ಗೆ ಹೇಗೆ ಬಂದಾರು ಅಂತ ಅವರು ಕೇಳಿದರು. ಈ ಪ್ರಶ್ನೆಯಲ್ಲಿ ಸತ್ಯ ಇತ್ತು. ವಾಷಿಂಗ್ಟನ್ ರಾಜ್ಯದಲ್ಲಿ ಫೆಬ್ರವರಿ 9ರ ಕಾಕಸ್‌ನಲ್ಲಿ ಒಬಾಮ ಎರಡಕ್ಕೊಂದರಂತೆ ಗೆದ್ದಿದ್ದರು. ಹತ್ತು ದಿನ ಬಿಟ್ಟು ಅಲ್ಲೇ ನಡೆದ, ಡೆಲಿಗೇಟ್ ಲೆಕ್ಕಕ್ಕೆ ಸೇರದ ಪ್ರೈಮರಿಯಲ್ಲಿ ಅವರ ಅಂತರ ಸುಮಾರು 5 ಅಂಶಕ್ಕೆ ಇಳಿಯಿತು. ಅದೇ ರಾಜ್ಯ, ಅದೇ ಅಭ್ಯರ್ಥಿಗಳು, ಅದೇ ತಿಂಗಳು.

ಇನ್ನು ಸೂಪರ್ ಡೆಲಿಗೇಟ್‌ಗಳು. ಜನರ ತೀರ್ಪಿನ ಹಾಗೇ ಅವರು ನಡೆಯಬೇಕು ಅನ್ನುವುದು ಒಬಾಮ ಬೆಂಬಲಿಗರ ಪಟ್ಟು. ಜಾರ್ಜಿಯಾದ ಸಂಸದ, ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್ ಮೊದಲು ಹಿಲರಿ ಪರ ಇದ್ದರು. ಅವರ ಕ್ಷೇತ್ರದ ಜನ ಒಬಾಮಗೆ ಮತ ಹಾಕಿದ ಮೇಲೆ ಫೆಬ್ರವರಿ ಕೊನೆಯಲ್ಲಿ ಅವರೂ ಈ ಕಡೆ ಬಂದರು. ಒಬಾಮ ಬೆಂಬಲಿಗರು ಇದನ್ನು ಮೆಚ್ಚಿಕೊಂಡರು. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ಹಿಲರಿ ಗೆದ್ದಿದ್ದರು. ಅಲ್ಲಿನ ಸೆನೆಟರ್‌ಗಳಾದ ಎಡ್ವರ್ಡ್ ಕೆನಡಿ, ಜಾನ್ ಕೆರಿ ಇಬ್ಬರೂ ಒಬಾಮ ಪರ. ಅವರು ತಮ್ಮ ರಾಜ್ಯದ ತೀರ್ಪಿನ ಹಾಗೆ ನಡೆಯಲಿ ಅಂತ ಒಬಾಮ ಪಾಳಯ ಪಟ್ಟು ಹಿಡಿಯಲಿಲ್ಲ. ಹಿಲರಿ ಕಡೆಯವರದೂ ಇದೇ ಕಥೆ. ಸೂಪರ್ ಡೆಲಿಗೇಟ್‌ಗಳು ಸ್ವಂತ ಬುದ್ಧಿ ಬಳಸಲಿ ಅಂದವರೇ, ಪ್ರತಿ ಮತವನ್ನೂ ಎಣಿಸಿ ಅಂತ ಇನ್ನೊಂದು ಕಡೆ ಘೋಷಣೆ ಕೂಗುತ್ತಿದ್ದರು.

ಆ ಘೋಷಣೆ ಹುಟ್ಟಿದ್ದು ಫ್ಲೋರಿಡಾ ಮತ್ತು ಮಿಷಿಗನ್ ವಿಚಾರದಲ್ಲಿ. ಎರಡೂ ರಾಜ್ಯಗಳು ಪಕ್ಷದ ವೇಳಾಪಟ್ಟಿ ಮೀರಿ ಜನವರಿಯಲ್ಲೇ ಪ್ರೈಮರಿ ಇಟ್ಟವು. ಶಿಕ್ಷೆಯಾಗಿ ರಾಷ್ಟ್ರೀಯ ಸಮಿತಿ 2007ರಲ್ಲೇ ಅವುಗಳ ಎಲ್ಲ ಡೆಲಿಗೇಟ್‌ಗಳನ್ನೂ ಕಿತ್ತುಕೊಂಡಿತು. ಅಭ್ಯರ್ಥಿಗಳು ಅಲ್ಲಿ ಪ್ರಚಾರ ಮಾಡುವುದಿಲ್ಲ ಅಂತ ಮಾತು ಕೊಟ್ಟರು. ಒಬಾಮ ಮಿಷಿಗನ್ ಮತಪತ್ರದಿಂದ ಹೆಸರನ್ನೇ ತೆಗೆಸಿದರು. ಹಿಲರಿ ಹೆಸರು ಉಳಿಸಿಕೊಂಡರು, ಆದರೆ ಅಲ್ಲಿನ ಚುನಾವಣೆ ಲೆಕ್ಕಕ್ಕೆ ಬರುವುದಿಲ್ಲ ಅಂತ 2007ರ ಅಕ್ಟೋಬರಿನಲ್ಲಿ ತಾವೇ ಹೇಳಿದ್ದರು. ಮಿಷಿಗನ್‌ನಲ್ಲಿ ಹಿಲರಿಗೆ 55%, 'ಯಾರಿಗೂ ಬದ್ಧರಲ್ಲ' ಅನ್ನುವ ಆಯ್ಕೆಗೆ 40% ಬಿತ್ತು. ಹಿಂದೆ ಬಿದ್ದ ಮೇಲೆ ಹಿಲರಿ ಕಡೆಯವರಿಗೆ ಆ ಮತಗಳೆಲ್ಲ ಪವಿತ್ರವಾದವು. ಮೇ 21ರಂದು ಫ್ಲೋರಿಡಾದಲ್ಲಿ ಹಿಲರಿ ಈ ವಿಷಯವನ್ನು ಗುಲಾಮಗಿರಿ ವಿರೋಧಿ ಹೋರಾಟ, ಹೆಣ್ಣುಮಕ್ಕಳ ಮತದ ಹಕ್ಕಿನ ಹೋರಾಟದ ಸಾಲಿಗೆ ಸೇರಿಸಿದರು. ಅದು ಅತಿಯಾಯಿತು. ಹಾಗಂತ ಆ ಎರಡು ರಾಜ್ಯಗಳ ಲಕ್ಷಾಂತರ ಸಾಮಾನ್ಯ ಮತದಾರರದು ಏನು ತಪ್ಪಿತ್ತು? ದಿನಾಂಕ ಗೊತ್ತುಮಾಡಿದವರು ಅವರಲ್ಲ. ಈ ಪ್ರಶ್ನೆಗೆ ಒಬಾಮ ಬೆಂಬಲಿಗರು ಸರಿಯಾದ ಉತ್ತರ ಕೊಡಲೇ ಇಲ್ಲ.

ಒಟ್ಟು ಮತಗಳಲ್ಲಿ ಯಾರು ಮುಂದು ಅನ್ನುವುದೂ ಇದರ ಮೇಲೇ ನಿಂತಿತ್ತು. ಮಿಷಿಗನ್ ಸೇರಿಸಿ, ಅಲ್ಲಿ ಒಬಾಮಗೆ ಸೊನ್ನೆ ಅಂತ ಹಿಡಿದರೆ ಹಿಲರಿ ಮುಂದು. ಮಿಷಿಗನ್ ಬಿಟ್ಟರೆ ಒಬಾಮ ಮುಂದು. ಕೆಲವು ಕಾಕಸ್ ರಾಜ್ಯಗಳು ತಲೆ ಎಣಿಕೆಯನ್ನೇ ಪ್ರಕಟಿಸಿರಲಿಲ್ಲ.

'ಸಾಕು, ನಿಲ್ಲಿಸಿ'

ಮಾರ್ಚ್ 28ರಂದು ವರ್ಮಾಂಟ್ ಸೆನೆಟರ್ ಪ್ಯಾಟ್ರಿಕ್ ಲೇಹಿ, ಹಿಲರಿ ಕಣದಿಂದ ಹಿಂದೆ ಸರಿಯಬೇಕು ಅಂದರು. ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಒಬಾಮ ಬೆಂಬಲಿಗರ ಬಾಯಲ್ಲಿ ಆಗ ಇದೇ ಮಾತು. ಜಗಳ ಲಂಬಿಸಿದರೆ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್‌ಗೆ ಲಾಭ ಅನ್ನುವುದು ಅವರ ಭಯ. ಆ ಭಯಕ್ಕೆ ಕಾರಣವೂ ಇತ್ತು. ಅದೇ ವಾರ ಬಂದ ಗ್ಯಾಲಪ್ ಸಮೀಕ್ಷೆಯಲ್ಲಿ ಹಿಲರಿ ಬೆಂಬಲಿಗರಲ್ಲಿ 28% ಜನ, ಒಬಾಮ ಅಭ್ಯರ್ಥಿಯಾದರೆ ಮೆಕೇನ್‌ಗೆ ಮತ ಹಾಕುತ್ತೇವೆ ಅಂದಿದ್ದರು. ಒಬಾಮ ಬೆಂಬಲಿಗರಲ್ಲಿ ಹೀಗೆ ಅಂದವರು 19%.

ಆದರೂ ಈ ಒತ್ತಡ ತಪ್ಪಾಗಿತ್ತು ಅಂತಲೇ ನನ್ನ ಅಭಿಪ್ರಾಯ. ಪೆನ್ಸಿಲ್ವೇನಿಯಾ, ಇಂಡಿಯಾನಾ, ನಾರ್ತ್ ಕ್ಯಾರೊಲಿನಾದ ಜನ ಇನ್ನೂ ಮತವನ್ನೇ ಹಾಕಿರಲಿಲ್ಲ. ಎಷ್ಟೋ ವರ್ಷಗಳ ನಂತರ ಮೊದಲ ಸಲ ಅವರ ಮತಕ್ಕೆ ಬೆಲೆ ಬಂದಿತ್ತು. ಹಿಲರಿಯನ್ನು ಹೋಗು ಅಂದದ್ದು ಅವರ ಬೆಂಬಲಿಗ ಹೆಂಗಸರಿಗೆ ಹೇಗೆ ಕೇಳಿಸಿತು ಅಂತ ಯೋಚಿಸಿ. ಅವರು ಜೀವನವಿಡೀ ಸಭೆಗಳಲ್ಲಿ ಕೇಳಿದ ಮಾತೇ ಅದು: ನಿನ್ನದಾಯಿತು, ಕೂತ್ಕೋ. ಒಬಾಮ ಇದನ್ನು ತಮ್ಮ ಬೆಂಬಲಿಗರಿಗಿಂತ ಮೊದಲೇ ಅರ್ಥಮಾಡಿಕೊಂಡರು. ಮಾರನೇ ದಿನವೇ, ಹಿಲರಿ ಎಷ್ಟು ದಿನ ಬೇಕಾದರೂ ಕಣದಲ್ಲಿರಲಿ ಅಂದುಬಿಟ್ಟರು.

ಹಿಲರಿ ಉಳಿದರು. ಏಪ್ರಿಲ್ 22ರಂದು ಪೆನ್ಸಿಲ್ವೇನಿಯಾವನ್ನು ಸುಮಾರು 9 ಅಂಶಗಳಿಂದ ಗೆದ್ದರು. ಮೇ 6ರಂದು ನಾರ್ತ್ ಕ್ಯಾರೊಲಿನಾ ಒಬಾಮಗೆ ಹೋಯಿತು, ಇಂಡಿಯಾನಾ ಅತಿ ಸಣ್ಣ ಅಂತರದಲ್ಲಿ ಹಿಲರಿಗೆ. ಆ ರಾತ್ರಿಯ ನಂತರ ಲೆಕ್ಕ ಬಹುತೇಕ ಮುಗಿದಿತ್ತು. ಆದರೆ ಆ ಎರಡು ರಾಜ್ಯಗಳಲ್ಲಿ ಪೈಪೋಟಿ ನಡೆದದ್ದರಿಂದ ಒಂದು ದೊಡ್ಡ ಲಾಭವಾಯಿತು. ಹೊಸ ಮತದಾರರು ಹೆಸರು ನೋಂದಾಯಿಸಿದರು, ಊರೂರಲ್ಲಿ ಕಚೇರಿ ತೆರೆದವು, ಸ್ವಯಂಸೇವಕರು ಸಿಕ್ಕರು. ನವೆಂಬರಿನಲ್ಲಿ ಒಬಾಮ ಎರಡನ್ನೂ ಗೆದ್ದರು. ಇಂಡಿಯಾನಾ 1964ರ ನಂತರ, ನಾರ್ತ್ ಕ್ಯಾರೊಲಿನಾ 1976ರ ನಂತರ ಮೊದಲ ಸಲ ಡೆಮಾಕ್ರಟರಿಗೆ ಒಲಿದವು. ಮಾರ್ಚ್‌ನಲ್ಲೇ ಹಿಲರಿ ಹಿಂದೆ ಸರಿದಿದ್ದರೆ ಈ ತಳಪಾಯ ಬೀಳುತ್ತಿತ್ತೇ? ನನಗಂತೂ ಅನುಮಾನ.

ಮೇ 31ರ ಸಭೆ

ಫ್ಲೋರಿಡಾ, ಮಿಷಿಗನ್ ಜಗಳ ತೀರ್ಮಾನಿಸಲು ಪಕ್ಷದ ನಿಯಮಾವಳಿ ಸಮಿತಿ ವಾಷಿಂಗ್ಟನ್ ನಗರದ ಹೋಟೆಲೊಂದರಲ್ಲಿ ಸೇರಿತು. ಹೊರಗೆ ಹಿಲರಿ ಬೆಂಬಲಿಗರ ಪ್ರತಿಭಟನೆ. ಒಳಗೆ ಟಿವಿ ಕ್ಯಾಮೆರಾಗಳ ಮುಂದೆ ದಿನವಿಡೀ ವಾದ. ಕೊನೆಗೆ ಎರಡೂ ರಾಜ್ಯಗಳ ಡೆಲಿಗೇಟ್‌ಗಳನ್ನು ವಾಪಸು ತಂದು, ಒಬ್ಬೊಬ್ಬರಿಗೆ ಅರ್ಧ ಮತ ಅಂತ ಸಮಿತಿ ತೀರ್ಮಾನಿಸಿತು. ಫ್ಲೋರಿಡಾ ವಿಷಯದಲ್ಲಿ ವಿರೋಧ ಬರಲಿಲ್ಲ. ಮಿಷಿಗನ್ ವಿಷಯದಲ್ಲಿ 19–8. ಅಲ್ಲಿ ಹಿಲರಿ ಕಡೆಯವರು 73–55ರ ಹಂಚಿಕೆ ಕೇಳಿದ್ದರು, ಸಿಕ್ಕಿದ್ದು 69–59. ಕೈತಪ್ಪಿದ್ದು ನಾಲ್ಕು ಡೆಲಿಗೇಟ್.

ಆ ನಾಲ್ಕರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೆ ಹಿಲರಿಗೆ ಬಿದ್ದ ಮತವನ್ನು ಸಮಿತಿ ಎತ್ತಿ ಒಬಾಮಗೆ ಕೊಟ್ಟಿತು ಅನ್ನುವುದು ಅವರ ಸಲಹೆಗಾರ ಹೆರಾಲ್ಡ್ ಇಕ್ಸ್ ಸೇರಿದಂತೆ ಹಲವರ ಕೋಪ. ಸಮಾವೇಶದವರೆಗೂ ಒಯ್ಯುವ ಹಕ್ಕನ್ನು ಹಿಲರಿ ಕಾಯ್ದಿರಿಸಿದ್ದಾರೆ ಅಂತ ಇಕ್ಸ್ ಸಭೆಯಲ್ಲೇ ಹೇಳಿದರು. ಸಭಿಕರ ಸಾಲಿನಿಂದ 'ಡೆನ್ವರ್! ಡೆನ್ವರ್!' ಎಂಬ ಕೂಗು. ಸಮಾವೇಶ ನಡೆಯಬೇಕಿದ್ದ ಊರದು. ಪಕ್ಷದ ಒಗ್ಗಟ್ಟನ್ನೇ ಧಿಕ್ಕರಿಸುವ 'ಪ್ಯೂಮಾ' ಎಂಬ ಗುಂಪು ಹುಟ್ಟಿಕೊಂಡದ್ದೂ ಈ ದಿನಗಳ ಸಿಟ್ಟಿನಲ್ಲೇ.

ಹಾಗಿದ್ದರೂ ಆ ಸಭೆ ಬಾಗಿಲು ಹಾಕಿಕೊಂಡು ನಡೆಯದೆ ಎಲ್ಲರ ಕಣ್ಣೆದುರು ನಡೆದದ್ದು ಒಳ್ಳೆಯದೇ ಆಯಿತು. ಸೋತವರಿಗೆ ಯಾರು ಏನು ಹೇಳಿದರು, ಯಾವ ಕಡೆ ಕೈ ಎತ್ತಿದರು ಅನ್ನುವುದಾದರೂ ಗೊತ್ತಾಯಿತು.

ಮತ್ತೆ ಒಂದಾದದ್ದು

ಜೂನ್ 3ರಂದು ಕೊನೆಯ ಎರಡು ರಾಜ್ಯಗಳ ಮತದಾನ ಮುಗಿಯಿತು. ಒಬಾಮ ಬೇಕಿದ್ದ 2,118 ಡೆಲಿಗೇಟ್ ಗಡಿ ದಾಟಿದರು. ಹಿಲರಿ ಆ ರಾತ್ರಿ ಸೋಲು ಒಪ್ಪಲಿಲ್ಲ. ಅದಕ್ಕೂ ಟೀಕೆ ಬಂತು. ನಾಲ್ಕು ದಿನ ಬಿಟ್ಟು ವಾಷಿಂಗ್ಟನ್‌ನಲ್ಲಿ ಬೆಂಬಲಿಗರ ಮುಂದೆ ನಿಂತು ಒಬಾಮ ಪರ ಕೆಲಸ ಮಾಡಿ ಅಂದರು. ಅತಿ ಎತ್ತರದ, ಅತಿ ಗಟ್ಟಿಯಾದ ಗಾಜಿನ ಚಾವಣಿ (ಹೆಣ್ಣು ಮೇಲೇರದಂತೆ ತಡೆಯುವ ಕಾಣದ ಅಡ್ಡಿ) ಈ ಸಲ ಒಡೆಯಲಿಲ್ಲ, ಆದರೆ ಅದರಲ್ಲಿ ಸುಮಾರು 1.8 ಕೋಟಿ ಬಿರುಕು ಬಿದ್ದಿವೆ ಅಂದರು. ತಮ್ಮ ಮತದಾರರ ಸಂಖ್ಯೆಯನ್ನೇ ಹಾಗೆ ಹೇಳಿದ್ದು. ನಿಮ್ಮ ಮತ ವ್ಯರ್ಥವಾಗಲಿಲ್ಲ ಅಂತ ಅವರಿಗೆ ಯಾರಾದರೂ ಹೇಳಬೇಕಿತ್ತು. ಹಿಲರಿ ಹೇಳಿದ್ದಕ್ಕೇ ಅದು ನಾಟಿತು.

ಜೂನ್ 27ರಂದು ಇಬ್ಬರೂ ನ್ಯೂಹ್ಯಾಂಪ್‌ಷೈರ್‌ನ ಯೂನಿಟಿ ಎಂಬ ಪುಟ್ಟ ಊರಲ್ಲಿ ಒಂದೇ ವೇದಿಕೆ ಏರಿದರು. ಜನವರಿಯ ಮತದಾನದಲ್ಲಿ ಆ ಊರಿನವರು ಇಬ್ಬರಿಗೂ ತಲಾ 107 ಮತ ಕೊಟ್ಟಿದ್ದರು. ಹಿಲರಿಯ ಪ್ರಚಾರದ ಸಾಲ ತೀರಿಸಲು ನೆರವಾಗಿ ಅಂತ ಒಬಾಮ ತಮ್ಮ ದಾನಿಗಳಿಗೆ ಹೇಳಿದರು. ಆಗಸ್ಟ್‌ನಲ್ಲಿ ಫ್ಲೋರಿಡಾ, ಮಿಷಿಗನ್ ಡೆಲಿಗೇಟ್‌ಗಳಿಗೆ ಪೂರ್ತಿ ಮತ ಕೊಡಿಸಿದ್ದೂ ಅವರ ಕೋರಿಕೆಯೇ. ಗೆದ್ದ ಮೇಲೆ ಕೈ ಸಡಿಲ ಮಾಡುವುದು ಸುಲಭ ಅನ್ನಬಹುದು. ನಮ್ಮ ಪಕ್ಷಗಳಲ್ಲಿ ಗೆದ್ದವರು ಸೋತ ಬಣದವರಿಗೆ ಕುರ್ಚಿಯನ್ನೂ ಹಾಕದಿರುವುದನ್ನು ಕಂಡವರಿಗೆ ಅದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಡೆನ್ವರ್‌ನಲ್ಲಿ ಆಗಸ್ಟ್ 26ರ ರಾತ್ರಿ ಹಿಲರಿ ಮಾತಾಡಿದರು. ಬೆಂಬಲಿಗರಿಗೆ ನೇರವಾಗಿ ಕೇಳಿದರು: ನೀವು ಈ ಪ್ರಚಾರಕ್ಕೆ ಇಳಿದದ್ದು ನನಗಾಗಿ ಮಾತ್ರವೇ? ಯೋಧನನ್ನು, ಕ್ಯಾನ್ಸರ್ ಇಟ್ಟುಕೊಂಡು ಮಕ್ಕಳನ್ನು ಸಾಕುತ್ತಿದ್ದ ತಾಯಿಯನ್ನು, ಕನಿಷ್ಠ ಕೂಲಿಯಲ್ಲಿ ಬದುಕುತ್ತಿದ್ದ ತಾಯಿ-ಮಗನನ್ನು ನೆನಪಿಸಿದರು. ಮಾರನೇ ದಿನ ರಾಜ್ಯವಾರು ಮತ ಎಣಿಕೆ ನಡೆಯುತ್ತಿದ್ದಾಗ, ನ್ಯೂಯಾರ್ಕ್ ಸರದಿ ಬಂದಾಗ ತಾವೇ ಎದ್ದು ನಿಂತರು. ಎಣಿಕೆ ನಿಲ್ಲಿಸಿ ಒಬಾಮ ಅವರನ್ನು ಒಕ್ಕೊರಲಿನಿಂದ ಆರಿಸೋಣ ಅಂತ ಸೂಚಿಸಿದರು. ಹಿಲರಿ ಹೆಸರೂ ನಾಮನಿರ್ದೇಶನವಾಗಿತ್ತು, ಅವರ ಡೆಲಿಗೇಟ್‌ಗಳಿಗೂ ಮತ ಹಾಕುವ ಅವಕಾಶ ಸಿಕ್ಕಿತ್ತು. ಆಮೇಲಷ್ಟೇ ಒಕ್ಕೊರಲು.

ಎರಡೇ ದಿನದಲ್ಲಿ ಮೆಕೇನ್ ಅಲಾಸ್ಕಾದ ರಾಜ್ಯಪಾಲೆ ಸಾರಾ ಪೇಲಿನ್ ಅವರನ್ನು ಉಪಾಧ್ಯಕ್ಷ ಹುದ್ದೆಗೆ ಆರಿಸಿದರು. ಪೇಲಿನ್ ಮೊದಲ ಭಾಷಣದಲ್ಲೇ ಹಿಲರಿಯ ಆ 1.8 ಕೋಟಿ ಬಿರುಕುಗಳನ್ನು ನೆನೆದು, ಬೇಸರಗೊಂಡ ಹೆಂಗಸರನ್ನು ಕರೆದರು. ಹೆಚ್ಚಿನವರು ಹೋಗಲಿಲ್ಲ. ಹೆಣ್ಣು ಅನ್ನುವುದೊಂದೇ ಅವರ ಕಾರಣವಾಗಿದ್ದರೆ ಹೋಗಬೇಕಿತ್ತು ಅಲ್ವಾ? ವಸಂತದಲ್ಲಿ ಅವರನ್ನು ಹಾಗೆ ಆಡಿಕೊಂಡವರಿಗೆ ಇದು ಸಾಕಷ್ಟು ಉತ್ತರ. ನವೆಂಬರ್ 4ರ ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಹಿಲರಿ ಪರ ಇದ್ದ ಡೆಮಾಕ್ರಟರಲ್ಲಿ ಐದರಲ್ಲಿ ನಾಲ್ವರಿಗಿಂತ ಜಾಸ್ತಿ ಜನ ಒಬಾಮಗೇ ಮತ ಹಾಕಿದರು. ಒಬಾಮ 365–173 ಎಲೆಕ್ಟೋರಲ್ ಮತಗಳಿಂದ, ಅಂದರೆ ರಾಜ್ಯಗಳ ಲೆಕ್ಕದಲ್ಲಿ ಸಿಗುವ ಮತಗಳಿಂದ ಗೆದ್ದರು. ಡಿಸೆಂಬರ್ 1ರಂದು ಹಿಲರಿಯನ್ನು ವಿದೇಶಾಂಗ ಕಾರ್ಯದರ್ಶಿಯಾಗಿ ಹೆಸರಿಸಿದರು.

ಬಗೆಹರಿಯದೆ ಉಳಿದದ್ದು ನಿಯಮದ ಪ್ರಶ್ನೆ. 2016ರಲ್ಲಿ ಹಿಲರಿ ಮತ್ತು ಸೆನೆಟರ್ ಬರ್ನಿ ಸ್ಯಾಂಡರ್ಸ್ ನಡುವಿನ ಟಿಕೆಟ್ ಪೈಪೋಟಿಯಲ್ಲಿ ಅದು ಮತ್ತೆ ಎದ್ದಿತು. ಈ ಸಲ ಸೂಪರ್ ಡೆಲಿಗೇಟ್‌ಗಳ ದೊಡ್ಡ ಬಲ ಹಿಲರಿ ಕಡೆ ಇತ್ತು, ದೂರು ಸ್ಯಾಂಡರ್ಸ್ ಬೆಂಬಲಿಗರದ್ದು. 2018ರಲ್ಲಿ ಪಕ್ಷ ನಿಯಮ ಬದಲಿಸಿತು. ಪೈಪೋಟಿ ಇರುವ ಸಮಾವೇಶದ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟ್‌ಗಳು ಮತ ಹಾಕುವ ಹಾಗಿಲ್ಲ. ಕಾಕಸ್ ಬಿಟ್ಟು ಪ್ರೈಮರಿಗೆ ಬನ್ನಿ ಅಂತ ರಾಜ್ಯಗಳಿಗೂ ಹೇಳಿತು. 2020ರಲ್ಲಿ ವಾಷಿಂಗ್ಟನ್ ರಾಜ್ಯದ ಡೆಮಾಕ್ರಟರು ಪ್ರೈಮರಿ ಮತದ ಮೇಲೇ ಡೆಲಿಗೇಟ್‌ಗಳನ್ನು ಹಂಚಿದರು. ಹನ್ನೆರಡು ವರ್ಷಗಳ ಹಿಂದೆ ಹಿಲರಿ ಬೆಂಬಲಿಗರು ಕೇಳಿದ್ದೂ ಅದನ್ನೇ.